ಜಲಪಾತದ ಆಯಿಲ್ ಪೇಂಟಿಂಗ್ ಕಲಿಯೋದು ಹೇಗೆ? ಮೊದಲು ಕಪ್ಪು ಬಂಡೆ, ಕೊನೆಗೆ ಬಿಳಿ ನೀರು

ಸಾಗರ: ಹೋಟೆಲ್, ಲಾಡ್ಜ್, ಕಟಿಂಗ್ ಶಾಪ್, ಬಟ್ಟೆ ಅಂಗಡಿ. ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲಾದರೂ ಒಂದು ಕಡೆ ಗೋಡೆ ಮೇಲೆ ಜಲಪಾತದ ಚಿತ್ರ ಕಂಡೇ ಕಾಣುತ್ತೆ. ಜೋಗ ಹತ್ತಿರವೇ ಇದೆ ಅನ್ನೋ ಅಭಿಮಾನಕ್ಕೆ ಕೆಲವರು ಹಾಕಿಸಿರ್ತಾರೆ. ಉತ್ತರ ದಿಕ್ಕಿಗೆ ನೀರಿನ ಚಿತ್ರ ಇದ್ದರೆ ಒಳ್ಳೇದು ಅನ್ನೋ ವಾಸ್ತು ನಂಬಿಕೆಗೆ ಇನ್ನು ಕೆಲವರು. ಹತ್ತಿರ ಹೋಗಿ ನೋಡಿದರೆ ಹೆಚ್ಚಿನವು ಪ್ರಿಂಟ್.

ಕೈಯಲ್ಲಿ ಬರೆದ ಆಯಿಲ್ ಪೇಂಟಿಂಗ್ ಬೇರೆಯೇ ವಿಷಯ. ಅದನ್ನು ಕಲಿಯಬೇಕು ಅನ್ನೋ ಆಸೆ ಇರುವವರು ತಾಲ್ಲೂಕಿನಲ್ಲಿ ಕಡಿಮೆ ಏನಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿದ ಹುಡುಗ ಹುಡುಗಿಯರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾದ ಬೋರ್ಡ್ ಬರೆಯುವವರು, ರಿಟೈರ್ ಆದ ಮೇಷ್ಟ್ರು, ಮಧ್ಯಾಹ್ನ ಎರಡು ಗಂಟೆ ಬಿಡುವಿರುವ ಗೃಹಿಣಿಯರು. ಮೊಬೈಲಿನಲ್ಲಿ ವಿಡಿಯೊ ನೋಡ್ತಾರೆ, ಸಾವಿರಾರು ರೂಪಾಯಿಯ ಸಾಮಾನು ತರಿಸ್ತಾರೆ. ಎರಡನೇ ದಿನ ಕ್ಯಾನ್ವಾಸ್ ಮೇಲೆ ನೀರಿನ ಬದಲು ಬೂದಿ ಬಣ್ಣದ ಕೆಸರು ಕೂತಿರುತ್ತೆ. ಅಲ್ಲಿಗೆ ಡಬ್ಬಿ ಅಟ್ಟಕ್ಕೆ ಹೋಯ್ತು ಅಂತಲೇ ಲೆಕ್ಕ.

ದುಡ್ಡು ಹೋಗಿದ್ದಕ್ಕಿಂತ ದೊಡ್ಡ ನಷ್ಟ 'ನನ್ನ ಕೈಯಲ್ಲಿ ಇದು ಆಗಲ್ಲ' ಅನ್ನೋ ತೀರ್ಮಾನ. ನಿಜ ಏನಂದ್ರೆ ತಪ್ಪು ಕೈಯದ್ದಲ್ಲ, ಕ್ರಮದ್ದು. ಜಲಪಾತ ಅಂದ ಕೂಡಲೇ ಎಲ್ಲರ ಕೈ ಬಿಳಿ ಟ್ಯೂಬಿಗೆ ಹೋಗುತ್ತೆ. ಹಳೆಯ ಶಾಸ್ತ್ರೀಯ ಪದ್ಧತಿಯಲ್ಲಿ ಬಿಳಿ ಬರೋದು ಕಟ್ಟಕಡೆಗೆ, ಅದೂ ಸ್ವಲ್ಪವೇ. ಈ ಒಂದು ವಿಷಯ ತಿಳಿದರೆ ಅರ್ಧ ದಾರಿ ಸಾಗಿದ ಹಾಗೆ.

ಬಿಳಿ ನೀರು ಬಿಳಿಯಲ್ಲ

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಜೋಗದ ಒಂದು ಫೋಟೊ ಪಕ್ಕದಲ್ಲಿ ಬರೆಯುವ ಖಾಲಿ ಹಾಳೆ ಇಡಬೇಕು. ಇನ್ನೊಂದು ರಟ್ಟಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ, ಅದರ ಮೂಲಕ ಫೋಟೊದ ನೀರನ್ನು ಒಂದೊಂದೇ ಜಾಗದಲ್ಲಿ ನೋಡಬೇಕು. ನೆರಳಿನ ಕಡೆ ನೀಲಿ ಮಿಶ್ರಿತ ಬೂದಿ, ಬಂಡೆಗೆ ತಾಗಿದ ಕಡೆ ಕಂದು, ಗಿಡದ ಪಕ್ಕ ತಿಳಿ ಹಸಿರು, ಮಳೆಗಾಲದ ಕೆಂಪು ನೀರಾದರೆ ಚಹಾ ಬಣ್ಣ ಕಾಣುತ್ತೆ. ಹಾಳೆಯಷ್ಟು ಬಿಳಿ ಇರೋದು ಬಿಸಿಲು ನೇರ ಬಿದ್ದ ಕೆಲವೇ ಚುಕ್ಕೆಗಳಲ್ಲಿ.

ಹಾಗಾದರೆ ಕಣ್ಣಿಗೆ ಅಷ್ಟು ಬೆಳ್ಳಗೆ ಕಾಣೋದು ಯಾಕೆ? ಹಿಂದೆ ಕಪ್ಪು ಬಂಡೆ ಇರೋದರಿಂದ. ಕಪ್ಪು ಹಲಗೆ ಮೇಲೆ ಸೀಮೆಸುಣ್ಣ ಎದ್ದು ಕಾಣೋದೂ ಇದೇ ಲೆಕ್ಕ. ಬಿಳಿ ಗೋಡೆ ಮೇಲೆ ಅದೇ ಸೀಮೆಸುಣ್ಣದಲ್ಲಿ ಬರೆದರೆ ಏನೂ ಕಾಣಲ್ಲ. ಬಂಡೆಯ ಕಪ್ಪು ಸಾಲದಿದ್ದರೆ ಎಷ್ಟು ಬಿಳಿ ಬಳಿದರೂ ನೀರು ಬೀಳಲ್ಲ, ಸುಣ್ಣ ಸುರಿದ ಹಾಗೆ ಆಗುತ್ತೆ.

ಅಮೆರಿಕದ ಫ್ರೆಡರಿಕ್ ಚರ್ಚ್ 1857ರಲ್ಲಿ ಬರೆದ 'ನಯಾಗರಾ' ಜಗತ್ತಿನ ಹೆಸರಾಂತ ಜಲಪಾತ ಚಿತ್ರಗಳಲ್ಲಿ ಒಂದು. ಏಳು ಅಡಿಗೂ ಹೆಚ್ಚು ಅಗಲದ ಕ್ಯಾನ್ವಾಸ್. ಅದರಲ್ಲೂ ನೀರಿನ ಬಹುಭಾಗ ಹಸಿರು, ಬೂದಿ. ಅಪ್ಪಟ ಬಿಳಿ ನೊರೆಯ ತುದಿಗೆ ಮಾತ್ರ.

ಬೆಟ್ಟವೇ ಇಲ್ಲದ ದೇಶದ ಜಲಪಾತಗಳು

ಈ ಬಗೆಯ ಚಿತ್ರಕ್ಕೆ ಮಾದರಿ ಹಾಕಿಕೊಟ್ಟವರಲ್ಲಿ ಮುಖ್ಯ ಹೆಸರು 17ನೇ ಶತಮಾನದ ಹಾಲೆಂಡಿನ ಯಾಕೊಬ್ ವಾನ್ ರೌಸ್‌ಡಾಲ್. ಹಾಲೆಂಡ್ ಅಂದರೆ ತಟ್ಟೆಯ ಹಾಗೆ ಸಮತಟ್ಟಾದ ದೇಶ, ಹೇಳಿಕೊಳ್ಳುವಂಥ ಬೆಟ್ಟವೇ ಇಲ್ಲ. ಆದರೂ ಅವನು ನೂರಕ್ಕೂ ಹೆಚ್ಚು ಜಲಪಾತದ ಚಿತ್ರ ಬರೆದ. ಅಲ್ಲಾರ್ಟ್ ವಾನ್ ಎವರ್ಡಿಂಗೆನ್ ಅನ್ನೋ ಇನ್ನೊಬ್ಬ ಚಿತ್ರಕಾರ 1644ರಲ್ಲಿ ನಾರ್ವೆ, ಸ್ವೀಡನ್ ಕಡೆ ತಿರುಗಿ ಬಂದು ಅಲ್ಲಿನ ಬಂಡೆ, ಪೈನ್ ಮರ, ಹೊಳೆಗಳನ್ನು ಬರೆದಿದ್ದ. ಆ ಚಿತ್ರಗಳನ್ನು ನೋಡಿಯೇ ರೌಸ್‌ಡಾಲ್ ತನ್ನ ಜಲಪಾತಗಳನ್ನು ಕಟ್ಟಿಕೊಂಡ. ಅವನು ಆ ದೇಶಗಳಿಗೆ ಹೋಗಿದ್ದಕ್ಕೆ ದಾಖಲೆ ಇಲ್ಲ.

ಕಲಿಯುವವರಿಗೆ ಇದರಿಂದ ಸಿಗೋ ಪಾಠ ದೊಡ್ಡದು. ಶಾಸ್ತ್ರೀಯ ಜಲಪಾತ ಚಿತ್ರ ಅಂದರೆ ಕಂಡಿದ್ದನ್ನು ಕಂಡ ಹಾಗೆ ಇಳಿಸೋದಲ್ಲ. ಕತ್ತಲೆ ಎಲ್ಲಿ, ಬೆಳಕು ಎಲ್ಲಿ, ಕಣ್ಣು ಯಾವ ದಾರಿಯಲ್ಲಿ ಒಳಗೆ ಹೋಗಬೇಕು ಅಂತ ಮೊದಲೇ ಯೋಚಿಸಿ ಮನೆ ಕಟ್ಟಿದ ಹಾಗೆ ಕಟ್ಟೋದು. ಅದೇ ಕಾಲದ ಕ್ಲೋಡ್ ಲೊರೇನ್ ಹೊರಗೆ ಬಯಲಲ್ಲಿ ಕೂತು ಸ್ಕೆಚ್ ಮಾಡಿಕೊಂಡು, ಚಿತ್ರವನ್ನು ಒಳಗೆ ಕೋಣೆಯಲ್ಲಿ ಬರೆಯುತ್ತಿದ್ದ. ಮುಂದೆ ಒಂದು ಪಕ್ಕಕ್ಕೆ ಕಪ್ಪನೆ ಮರ, ನಡುವೆ ನೀರು, ಹಿಂದೆ ತೆಳು ನೀಲಿ ಬೆಟ್ಟ. ಕ್ಯಾಲೆಂಡರ್ ಚಿತ್ರಗಳಲ್ಲಿ ಈಗಲೂ ಕಾಣೋ ಈ ಚೌಕಟ್ಟು ಬಂದಿದ್ದು ಅಂಥವರ ಚಿತ್ರಗಳಿಂದ.

ಗುರು ಸಿಗಲಿಲ್ಲ ಅಂತ ಕೊರಗುವವರಿಗೆ ರಾಜಾ ರವಿವರ್ಮನ ಕತೆ ಇದೆ. 1868ರಲ್ಲಿ ತಿರುವಾಂಕೂರು ಅರಮನೆಗೆ ಥಿಯೊಡೋರ್ ಜೆನ್ಸನ್ ಅನ್ನೋ ಯುರೋಪಿನ ಚಿತ್ರಕಾರ ಬಂದಾಗ, ಆತ ರವಿವರ್ಮನಿಗೆ ಪಾಠ ಹೇಳಿಕೊಡಲಿಲ್ಲ, ಬರೆಯೋದನ್ನು ನೋಡೋಕೆ ಮಾತ್ರ ಬಿಟ್ಟ. ರವಿವರ್ಮ ನೋಡಿಯೇ ಎಣ್ಣೆ ಬಣ್ಣದ ಕೆಲಸ ಹಿಡಿದುಕೊಂಡ. ಆತನ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿವೆ.

ಸಾಮಾನು ಎಷ್ಟು ಬೇಕು?

ಮೊದಲ ಗೊಂದಲ ಹೆಸರಿನದ್ದು. ಆಯಿಲ್ ಪೇಸ್ಟಲ್ ಬೇರೆ, ಅದು ಮಕ್ಕಳ ಕ್ರೇಯಾನ್ ಥರದ ಕಡ್ಡಿ. ಅಕ್ರಿಲಿಕ್ ಬೇರೆ, ಅದು ನೀರಿನಲ್ಲಿ ಕಲಸುವ ಬಣ್ಣ, ಬೇಗ ಒಣಗುತ್ತೆ. ಬಾಗಿಲು, ಗೇಟಿಗೆ ಹೊಡೆಯೋ ಎನಾಮಲ್ ಬೇರೆ. ಇಲ್ಲಿ ಬೇಕಾಗಿರೋದು ಟ್ಯೂಬಿನಲ್ಲಿ ಬರುವ ಆರ್ಟಿಸ್ಟ್ ಆಯಿಲ್ ಕಲರ್. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಮಾಡಿದ್ದು. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡೋ ಅದೇ ಅಗಸೆಯ ಎಣ್ಣೆ. ತವರದ ಟ್ಯೂಬ್ ಬಂದಿದ್ದು 1841ರಲ್ಲಿ, ಅಮೆರಿಕದ ಜಾನ್ ರ‍್ಯಾಂಡ್ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು.

ಇಪ್ಪತ್ತನಾಲ್ಕು ಬಣ್ಣದ ಸೆಟ್ ಬೇಕಾಗಿಲ್ಲ. ಜಲಪಾತಕ್ಕೆ ಏಳು ಟ್ಯೂಬ್ ಸಾಕು: ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಸ್ಯಾಪ್ ಗ್ರೀನ್. ಬಿಳಿ ಮಾತ್ರ ದೊಡ್ಡ ಟ್ಯೂಬ್ ಇರಲಿ, ಯಾಕಂದ್ರೆ ಆಕಾಶಕ್ಕೂ ದೂರದ ಬೆಟ್ಟಕ್ಕೂ ಕಲಸೋಕೆ ಅದೇ ಬೇಕು. ಕಪ್ಪು ಟ್ಯೂಬ್ ಬೇಡವೇ ಬೇಡ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಸೇರಿಸಿದರೆ ಬಂಡೆಗೆ ಬೇಕಾದ ಗಾಢ ಕಪ್ಪು ಬರುತ್ತೆ. ನೀಲಿ ಜಾಸ್ತಿ ಮಾಡಿದರೆ ತಣ್ಣನೆ ನೆರಳು, ಅಂಬರ್ ಜಾಸ್ತಿ ಮಾಡಿದರೆ ಒದ್ದೆ ಕಲ್ಲು.

ಬ್ರಷ್ ನಾಲ್ಕು ಸಾಕು. ಗಟ್ಟಿ ಕೂದಲಿನ ಚಪ್ಪಟೆ ಬ್ರಷ್ ದೊಡ್ಡದೊಂದು, ಮಧ್ಯಮದ್ದೊಂದು, ಗೆರೆಗೆ ಸಣ್ಣ ದುಂಡು ಬ್ರಷ್ ಒಂದು, ಬೀಸಣಿಗೆ ಆಕಾರದ ಫ್ಯಾನ್ ಬ್ರಷ್ ಒಂದು. ಜೊತೆಗೆ ಬಣ್ಣ ಕಲಸೋ ಪ್ಯಾಲೆಟ್ ನೈಫ್. ಕ್ಯಾನ್ವಾಸ್ 12 ಇಂಚು ಅಗಲ 16 ಇಂಚು ಎತ್ತರ ಇದ್ದರೆ ಕಲಿಯೋಕೆ ಹದ. ಮುಂಚೆಯೇ ಬಿಳಿ ಪ್ರೈಮರ್ ಹೊಡೆದಿದ್ದೇ ತಗೋಬೇಕು. ಬರೀ ಬಟ್ಟೆ ಮೇಲೆ ಎಣ್ಣೆ ಬಣ್ಣ ಹಾಕಿದರೆ ಎಣ್ಣೆ ನೂಲಿಗೆ ಇಳಿದು ವರ್ಷ ಕಳೆದಂತೆ ಬಟ್ಟೆ ಲಡ್ಡಾಗುತ್ತೆ.

ತೆಳು ಮಾಡೋಕೆ ಟರ್ಪಂಟೈನ್ ಬೇಕು, ಕಲಾ ಸಾಮಗ್ರಿ ಅಂಗಡಿಯ ಶುದ್ಧ ಟರ್ಪಂಟೈನ್. ಗಾಡಿ, ಫರ್ನಿಚರ್ ಪೇಂಟಿನ ಎನ್‌ಸಿ ಥಿನ್ನರ್ ಇದಕ್ಕೆ ಆಗಲ್ಲ. ಅದರ ಹೊಗೆ ಜೋರು, ಕೆಳಗಿನ ಪದರವನ್ನೂ ಎಬ್ಬಿಸಿಬಿಡಬಹುದು.

ಜೋಗಕ್ಕೆ ಹೋದರೆ ಏನು ತರಬೇಕು?

ಶರಾವತಿ 253 ಮೀಟರ್ ಎತ್ತರದಿಂದ ಬೀಳೋ ಜೋಗ ಚಿತ್ರ ಕಲಿಯುವವರಿಗೆ ಪಾಠಶಾಲೆ ಇದ್ದ ಹಾಗೆ. ರಾಜಾ ಒಂದೇ ಧಾರೆಯಾಗಿ ನೇರ ಇಳಿಯುತ್ತೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತೆ. ರಾಣಿ ಬಂಡೆ ಮೇಲೆ ನೊರೆಯಾಗಿ ಜಾರುತ್ತೆ. ರೋರರ್ ಅಬ್ಬರಿಸಿ ಧುಮುಕುತ್ತೆ. ಪ್ರತಿಯೊಂದಕ್ಕೂ ಬ್ರಷ್ ಓಡಿಸೋ ರೀತಿ ಬೇರೆ. ನೇರ ಧಾರೆಗೆ ಮೇಲಿಂದ ಕೆಳಕ್ಕೆ ಒಂದೇ ಎಳೆತ, ಜಾರುವ ನೀರಿಗೆ ಬಂಡೆಯ ಉಬ್ಬು ತಗ್ಗಿನ ಮೇಲೆ ತುಂಡು ತುಂಡು ಎಳೆತ, ಚಿಮ್ಮುವ ನೀರಿಗೆ ಬಾಣದ ಹಾಗೆ ಹೊರಕ್ಕೆ ಎಸೆದ ಎಳೆತ.

ಆಗಸ್ಟ್‌ನ ಭರ್ಜರಿ ನೀರು ನೋಡೋಕೆ ಚೆಂದ, ಕಲಿಯೋಕೆ ಕಷ್ಟ. ಮಂಜು, ನೀರು ಎರಡೂ ಸೇರಿ ಬಂಡೆಯೇ ಕಾಣಲ್ಲ. ಮಳೆ ಇಳಿದ ಮೇಲೆ, ಇನ್ನೂ ನೀರು ಇದ್ದು ಕಲ್ಲು ಹೊರಗೆ ಕಾಣೋ ದಿನಗಳು ಒಳ್ಳೇದು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರೋದರಿಂದ ನೀರು ಎಷ್ಟಿರುತ್ತೆ ಅನ್ನೋದು ಮಳೆಯನ್ನು ಮಾತ್ರ ನಂಬಿಕೊಂಡಿಲ್ಲ, ಇದು ಇಲ್ಲಿಯವರಿಗೆ ಗೊತ್ತಿರೋದೇ.

ಬಣ್ಣದ ಪೆಟ್ಟಿಗೆ ಅಲ್ಲಿಗೆ ಹೊರುವ ಅಗತ್ಯ ಇಲ್ಲ. ಒಂದು ನೋಟ್‌ಬುಕ್, ಒಂದು 4ಬಿ ಪೆನ್ಸಿಲ್ ಸಾಕು. ಅಂಗೈ ಅಗಲದ ಸ್ಕೆಚ್ ಮೂರು ನಾಲ್ಕು ಮಾಡಬೇಕು, ಅದರಲ್ಲಿ ಮೂರೇ ಬಣ್ಣ: ಕಪ್ಪು, ಬೂದಿ, ಬಿಳಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಈ ಮೂರೇ ಉಳಿಯುತ್ತೆ. ಫೋಟೊ ತಗೊಂಡರೂ ಅಡ್ಡಿ ಇಲ್ಲ. ನೀರು ರೇಷ್ಮೆ ಸೀರೆ ಥರ ನುಣ್ಣಗೆ ಬರೋ ಮೋಡ್‌ನಲ್ಲಿ ಮಾತ್ರ ತೆಗೆಯಬಾರದು, ಅದರಲ್ಲಿ ನೀರಿನ ಓಟವೇ ಕಳೆದುಹೋಗಿರುತ್ತೆ.

ಹಂತ ಹಂತವಾಗಿ

ಮೊದಲ ದಿನ: ಬರ್ಂಟ್ ಅಂಬರ್‌ಗೆ ಟರ್ಪಂಟೈನ್ ಸೇರಿಸಿ ಚಹಾದಷ್ಟು ತೆಳು ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು ಬಟ್ಟೆಯಲ್ಲಿ ಒರೆಸೋದು. ಬೆಳ್ಳಗಿನ ಕ್ಯಾನ್ವಾಸ್ ತಿಳಿ ಕಂದು ಆಗುತ್ತೆ. ಬಿಳಿ ಮೇಲೆ ಬಿಳಿ ಹಾಕಿದರೆ ಲೆಕ್ಕ ಸಿಗಲ್ಲ, ಕಂದಿನ ಮೇಲೆ ಕಪ್ಪೂ ಬಿಳಿಯೂ ಎರಡೂ ತೂಗಿ ನೋಡಬಹುದು. ಒಣಗೋಕೆ ಬಿಡಬೇಕು.

ಎರಡನೇ ಕೂತ: ತೆಳು ಅಂಬರ್‌ನಲ್ಲೇ ಗೆರೆ ಹಾಕೋದು. ಜಲಪಾತ ನಟ್ಟನಡುವೆ ಬೇಡ. ಕ್ಯಾನ್ವಾಸ್ ಅಗಲವನ್ನು ಮೂರು ಪಾಲು ಮಾಡಿ ಒಂದು ಪಾಲಿನ ಗೆರೆ ಮೇಲೆ ನೀರು ಬೀಳಲಿ. ಆಮೇಲೆ ಕಪ್ಪು, ಕಂದು, ಬೂದಿ ಇಷ್ಟರಲ್ಲೇ ಇಡೀ ಚಿತ್ರವನ್ನು ಮುಗಿಸಬೇಕು. ಬಂಡೆಯ ನೆರಳು, ಗುಹೆಯಂಥ ಜಾಗ, ಮುಂದಿನ ಮರ ಎಲ್ಲಾ ಗಾಢವಾಗಿ. ನೀರು ಬೀಳೋ ಜಾಗವನ್ನೂ ಬಿಡುವ ಹಾಗಿಲ್ಲ, ಅದರ ಹಿಂದೆಯೂ ಬಂಡೆ ಇದೆ. ಹೆಚ್ಚಿನವರು ಎಡವೋದು ಇಲ್ಲೇ. ನೀರಿಗೆ ಜಾಗ ಖಾಲಿ ಬಿಟ್ಟು ಆಮೇಲೆ ಬಿಳಿ ತುಂಬಿಸ್ತಾರೆ, ನೀರು ಅಂಟಿಸಿದ ಕಾಗದದ ಹಾಗೆ ಕಾಣುತ್ತೆ. ಈ ಕಂದು ಚಿತ್ರ ಹತ್ತು ಅಡಿ ದೂರದಿಂದ ಜಲಪಾತ ಅಂತ ಗೊತ್ತಾಗದೇ ಇದ್ದರೆ ಮುಂದೆ ಬಣ್ಣ ಹಾಕಿದರೂ ಗೊತ್ತಾಗಲ್ಲ. ಇಲ್ಲೇ ತಿದ್ದಬೇಕು.

ಮೂರನೇ ಕೂತ, ಕೆಳಪದರ ಒಣಗಿದ ಮೇಲೆ: ದೂರದಿಂದ ಹತ್ತಿರಕ್ಕೆ ಬಣ್ಣ. ಮೊದಲು ಆಕಾಶ, ಆಮೇಲೆ ದೂರದ ಬೆಟ್ಟ. ಘಟ್ಟದ ಸಾಲು ಗಮನಿಸಿದವರಿಗೆ ಗೊತ್ತು, ಹಿಂದೆ ಹೋದ ಹಾಗೆ ಬೆಟ್ಟ ತೆಳುವಾಗಿ ನೀಲಿ ಆಗುತ್ತೆ. ನಡುವೆ ಇರೋ ಗಾಳಿ, ತೇವದಿಂದ ಹಾಗೆ ಕಾಣೋದು. ಹಾಗಾಗಿ ದೂರದ ಹಸಿರಿಗೆ ನೀಲಿ, ಬಿಳಿ ಸೇರಬೇಕು. ಹತ್ತಿರದ ಹಸಿರಿಗೆ ಓಕರ್, ಸಿಯೆನ್ನಾ. ಸ್ಯಾಪ್ ಗ್ರೀನನ್ನು ಟ್ಯೂಬಿಂದ ನೇರ ಹಚ್ಚಿದರೆ ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತೆ. ಮಲೆನಾಡಿನ ಹಸಿರು ಒಂದೇ ಅಲ್ಲ ಅನ್ನೋದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನಾಲ್ಕನೇ ಕೂತ: ನೀರು. ಮೊದಲು ಬೂದಿ ನೀಲಿ, ಅಂದರೆ ಬಿಳಿಗೆ ಅಲ್ಟ್ರಾಮರೀನ್, ಚಿಟಿಕೆ ಅಂಬರ್. ಚಪ್ಪಟೆ ಬ್ರಷ್‌ನಲ್ಲಿ ಬೀಳುವ ದಿಕ್ಕಿಗೆ ಮಾತ್ರ ಎಳೆಯಬೇಕು. ನಡು ನಡುವೆ ಕಪ್ಪು ಬಂಡೆ ಇಣುಕೋಕೆ ಬಿಡಬೇಕು. ಅದು ಒಣಗಿದ ಮೇಲೆ ಬ್ರಷ್‌ನಲ್ಲಿ ಬಣ್ಣ ಕಮ್ಮಿ ಇಟ್ಟುಕೊಂಡು, ಒಣ ಬ್ರಷ್ ಥರ ಮೇಲೆ ಸವರೋದು. ಕ್ಯಾನ್ವಾಸಿನ ಉಬ್ಬಿಗೆ ಮಾತ್ರ ಬಣ್ಣ ಹಿಡಿದು ನೀರು ಹನಿ ಹನಿಯಾದ ಹಾಗೆ ಕಾಣುತ್ತೆ. ಬುಡದ ಮಂಜಿಗೆ ತಿಳಿ ಬೂದಿಯನ್ನು ಒಣಗಿದ ಕಪ್ಪಿನ ಮೇಲೆ ಬಟ್ಟೆಯಲ್ಲೋ ಬೆರಳಲ್ಲೋ ಉಜ್ಜಿದರೆ ಸಾಕು, ಗೆರೆ ಇರಬಾರದು.

ಕಟ್ಟಕಡೆಗೆ ಬಿಳಿ. ಚೂರು ಹಳದಿ ಸೇರಿಸಿದ ದಪ್ಪ ಬಿಳಿ, ನೀರು ಅಂಚಿನಿಂದ ತಿರುಗಿ ಕೆಳಗೆ ಬೀಳೋ ತುದಿಗೆ, ನೊರೆ ಸಿಡಿಯೋ ಕೆಲವು ಕಡೆಗೆ. ಎಂಟು ಹತ್ತು ಸಲ ಬ್ರಷ್ ಮುಟ್ಟಿಸಿದರೆ ಮುಗಿಯಿತು. ಅಲ್ಲಿಗೆ ಬ್ರಷ್ ಕೆಳಗಿಡಬೇಕು.

ಒಣಗೋದು ಅಂದರೆ ಏನು?

ನೀರಿನ ಬಣ್ಣ ನೀರು ಆರಿ ಒಣಗುತ್ತೆ. ಎಣ್ಣೆ ಬಣ್ಣ ಹಾಗಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತೆ. ಅದಕ್ಕೇ ದಿನಗಟ್ಟಲೆ ಹಿಡಿಯೋದು. ಎಲ್ಲಾ ಬಣ್ಣವೂ ಒಂದೇ ವೇಗದಲ್ಲಿ ಒಣಗಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರೋದರಿಂದ ಬೇಗ, ಟೈಟಾನಿಯಂ ವೈಟ್ ನಿಧಾನ. ಕೆಳಗೆ ಅಂಬರ್, ಮೇಲೆ ಬಿಳಿ ಅನ್ನೋ ಕ್ರಮಕ್ಕೆ ಇದೂ ಒಂದು ಕಾರಣ.

ಇನ್ನೊಂದು ನಿಯಮ: ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಮೊದಲ ಪದರಕ್ಕೆ ಬರೀ ಟರ್ಪಂಟೈನ್. ಆಮೇಲಿನದಕ್ಕೆ ಎರಡು ಪಾಲು ಟರ್ಪಂಟೈನ್‌ಗೆ ಒಂದು ಪಾಲು ಅಗಸೆ ಎಣ್ಣೆ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ, ಬೇಸಿಗೆಯ ಕೆರೆ ಅಂಗಳದ ಹಾಗೆ ಚಿತ್ರ ಬಿರುಕು ಬಿಡುತ್ತೆ. ಬಿರುಕು ಕಾಣೋ ಹೊತ್ತಿಗೆ ಚಿತ್ರ ಯಾರದೋ ಮನೆ ಗೋಡೆ ಮೇಲಿರುತ್ತೆ. ದುಡ್ಡು ತಗೊಂಡು ಬರೆಯುವವರ ಹೆಸರು ಹಾಳಾಗೋದು ಆಗಲೇ. ಕೊನೆಯ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು.

ಮಳೆಗಾಲ, ಬೂಷ್ಟು, ಬೆಂಕಿ

ಮಲೆನಾಡಿನ ಮಳೆಗಾಲದಲ್ಲಿ ಒಣಗೋದು ಇನ್ನೂ ನಿಧಾನ, ಕ್ಯಾನ್ವಾಸ್ ಬೆನ್ನಿಗೆ ಬೂಷ್ಟು ಬರೋದೂ ಸಾಮಾನ್ಯ. ಚಿತ್ರವನ್ನು ತೇವದ ಗೋಡೆಗೆ ಒತ್ತಿ ಇಡಬಾರದು, ಹಿಂದೆ ಗಾಳಿ ಆಡಬೇಕು. ಬೀರುವಿನಲ್ಲಿ, ಕತ್ತಲ ಕೋಣೆಯಲ್ಲಿ ಇಟ್ಟರೆ ಅಗಸೆ ಎಣ್ಣೆ ಹಳದಿಗೆ ತಿರುಗುತ್ತೆ, ಬಿಳಿ ನೀರು ಮಾಸಲಾಗುತ್ತೆ. ಬಿಸಿಲು ನೇರ ಬೀಳದ ಬೆಳಕಿನ ಜಾಗ ಸರಿ.

ಎಲ್ಲಕ್ಕಿಂತ ಮುಖ್ಯ, ಎಣ್ಣೆ ಬಟ್ಟೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಣಗುವಾಗ ಒಳಗೇ ಬಿಸಿಯಾಗಿ, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಮರದ ಮನೆ, ಅಟ್ಟದ ಮೇಲೆ ಅಡಿಕೆ ಚೀಲ, ಪಕ್ಕದಲ್ಲಿ ಸೌದೆ ಇರುವ ಕಡೆ ಇದು ಹುಡುಗಾಟದ ಮಾತಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಬೇಕು, ಇಲ್ಲ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಬೇಕು. ಫರ್ನಿಚರ್ ಪಾಲಿಶ್ ಮಾಡುವವರಿಗೂ ಇದೇ ಎಚ್ಚರಿಕೆ. ಟರ್ಪಂಟೈನ್ ಬಳಸುವಾಗ ಕಿಟಕಿ ತೆಗೆದಿರಲಿ, ಒಲೆ, ಗ್ಯಾಸ್ ಹತ್ತಿರ ಬೇಡ. ಬ್ರಷ್ ತೊಳೆದ ಟರ್ಪಂಟೈನ್ ಚರಂಡಿಗೆ ಚೆಲ್ಲೋದೂ ಬೇಡ. ಎರಡು ದಿನ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಅಂಗಡಿಗೆ ಚಿತ್ರ ಕೊಳ್ಳುವಾಗ

ಕ್ಯಾನ್ವಾಸ್ ಬಟ್ಟೆ ಮೇಲೆ ಪ್ರಿಂಟ್ ಮಾಡಿ, ಮೇಲೆ ಪಾರದರ್ಶಕ ಜೆಲ್ ಸವರಿ 'ಆಯಿಲ್ ಪೇಂಟಿಂಗ್' ಅಂತ ಮಾರೋದು ಉಂಟು. ಪ್ರಿಂಟ್ ಬೇಕು ಅಂತ ಪ್ರಿಂಟ್ ತಗೊಂಡರೆ ತಪ್ಪಿಲ್ಲ, ಪೇಂಟಿಂಗ್ ರೇಟು ಕೊಟ್ಟು ಪ್ರಿಂಟ್ ತಂದರೆ ನಷ್ಟ. ನೋಡೋ ಬಗೆ ಸುಲಭ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು. ಅಸಲಿ ಚಿತ್ರದಲ್ಲಿ ಬ್ರಷ್‌ನ ಉಬ್ಬು ಬಣ್ಣದ ಜೊತೆಗೇ ಸಾಗುತ್ತೆ. ನೊರೆಯ ಜಾಗ ದಪ್ಪ, ನೆರಳಿನ ಜಾಗ ತೆಳು. ಜೆಲ್ ಹಚ್ಚಿದ ಪ್ರಿಂಟಿನಲ್ಲಿ ಉಬ್ಬು ಒಂದು ಕಡೆ ಹೋದರೆ ಬಣ್ಣ ಇನ್ನೊಂದು ಕಡೆ ಹೋಗಿರುತ್ತೆ. ಭೂತಗನ್ನಡಿ ಇಟ್ಟರೆ ಪ್ರಿಂಟಿನ ಸಣ್ಣ ಚುಕ್ಕೆಗಳು ಕಾಣುತ್ತವೆ.

ಕಲಿಯೋದು ಎಲ್ಲಿ?

ಪೂರ್ತಿ ಕೋರ್ಸ್ ಮಾಡಬೇಕು ಅನ್ನುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ), ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಇವೆ. ಪರಿಷತ್ತಿನ ಮುಂದಿನ ರಸ್ತೆಯಲ್ಲಿ ಜನವರಿಯಲ್ಲಿ ನಡೆಯೋ ಚಿತ್ರಸಂತೆಗೆ ಒಂದು ಸಲ ಹೋಗಿ ಬಂದರೆ ಕೈಕೆಲಸ ಹೇಗಿರುತ್ತೆ, ಏನು ರೇಟಿಗೆ ಹೋಗುತ್ತೆ ಎರಡೂ ಕಣ್ಣಾರೆ ತಿಳಿಯುತ್ತೆ.

ಮನೆಯಲ್ಲೇ ಕಲಿಯುವವರಿಗೆ ಬೋರ್ಡ್ ಬರೆದ ಅನುಭವ ಇರುವ ಹಿರಿಯರು ಊರಲ್ಲೇ ಸಿಗಬಹುದು. ನಡುಗದ ಕೈ, ಬ್ರಷ್ ಹಿಡಿತ, ಬಣ್ಣ ಕಲಸೋ ಅಂದಾಜು ಅವರಿಗೆ ಮೊದಲೇ ಇದೆ. ಹೊಸದಾಗಿ ಕಲಿಯಬೇಕಾಗಿರೋದು ಕಾಯೋದನ್ನು ಮಾತ್ರ, ಯಾಕಂದ್ರೆ ಬೋರ್ಡ್ ಸಂಜೆಗೆ ಕೊಡಬೇಕಿತ್ತು, ಈ ಚಿತ್ರಕ್ಕೆ ತಿಂಗಳು ಬೇಕು.

ಮೊದಲ ಚಿತ್ರ ಗೋಡೆಗೆ ಅಂತ ಬರೆಯೋದು ಬೇಡ. ಅದೇ ಸ್ಕೆಚ್ ಇಟ್ಟುಕೊಂಡು ಬರೀ ಅಂಬರ್ ಮತ್ತು ಬಿಳಿಯಲ್ಲಿ ಮೂರು ಸಣ್ಣ ಚಿತ್ರ ಮಾಡಿ, ನಾಲ್ಕನೆಯದಕ್ಕೆ ಬಣ್ಣ ಹಾಕಿದರೆ ಸಾಮಾನು ಉಳಿಯುತ್ತೆ, ಕೈಯೂ ಕೂರುತ್ತೆ. ಆ ಮೂರರಲ್ಲಿ ಬಂಡೆ ಸರಿಯಾಗಿ ಕಪ್ಪಾದ ದಿನ ನೀರು ತಾನಾಗಿ ಬೀಳೋಕೆ ಶುರುವಾಗುತ್ತೆ.